ದೂರವೇ ಕಾವಲಾಗಿದ್ದ ಮೀನು

ಕೆನಡಾದ ಭೂಪಟ ಬಿಡಿಸಿ ವಾಯವ್ಯ ಮೂಲೆಯತ್ತ ಕಣ್ಣು ಹಾಯಿಸಿದರೆ, ಉತ್ತರ ಧ್ರುವವೃತ್ತದ ಗೆರೆ ಒಂದು ದೊಡ್ಡ ಸರೋವರದ ಮೇಲೆ ಹಾದುಹೋಗುವುದು ಕಾಣುತ್ತದೆ. ಅದರ ಹೆಸರು ಗ್ರೇಟ್ ಬೇರ್. ವಿಸ್ತಾರ ಸುಮಾರು 31,000 ಚದರ ಕಿಲೋಮೀಟರ್. ಅಂದರೆ ಇಡೀ ಕರ್ನಾಟಕದ ಆರರಲ್ಲಿ ಒಂದು ಪಾಲು. ಆಳ ಕೆಲವೆಡೆ 400 ಮೀಟರಿಗೂ ಹೆಚ್ಚು. ಇಷ್ಟು ದೊಡ್ಡ ಜಲರಾಶಿಯ ದಡದಲ್ಲಿರುವುದು ಒಂದೇ ಒಂದು ಊರು, ಡೆಲಿನೆ. ಅಲ್ಲಿನ ಜನ ಐನೂರು ಚಿಲ್ಲರೆ.

ಜುಲೈ ಬಂದರೂ ಈ ನೀರಿನ ಮೇಲೆ ಹಿಮದ ಹಲಗೆಗಳು ತೇಲುತ್ತಿರುತ್ತವೆ. ಮಧ್ಯರಾತ್ರಿಯಲ್ಲೂ ಬೆಳಕು ಆರುವುದಿಲ್ಲ. ಬೇಸಿಗೆ ಎಂದು ಕರೆಯಬಹುದಾದ ಆ ಕೆಲವೇ ವಾರಗಳಲ್ಲಿ, 1950ರ ದಶಕದ ಕೊನೆಯಿಂದ ಈಚೆಗೆ, ಸಾವಿರಾರು ಕಿಲೋಮೀಟರ್ ದೂರದಿಂದ ವಿಮಾನ ಏರಿ ಜನ ಇಲ್ಲಿಗೆ ಬರುತ್ತ ಬಂದಿದ್ದಾರೆ. ದಡದ ಮರದ ಮನೆಗಳಲ್ಲಿ ತಂಗುತ್ತಾರೆ. ಬೆಳಿಗ್ಗೆ ದೋಣಿಯಲ್ಲಿ ಹೊರಟು ಗಾಳ ಎಸೆಯುತ್ತಾರೆ. ಅದೃಷ್ಟವಿದ್ದವರಿಗೆ ಒಂದು ಮೀಟರಿಗೂ ಉದ್ದದ, ಇಪ್ಪತ್ತು ಕಿಲೋ ತೂಗುವ ಮೀನು ಸಿಗುತ್ತದೆ. ಅರ್ಧ ಗಂಟೆ ಸೆಣಸಿ ಅದನ್ನು ದೋಣಿಯ ಬದಿಗೆ ತರುತ್ತಾರೆ. ಅಳತೆ ತೆಗೆದುಕೊಳ್ಳುತ್ತಾರೆ, ಫೋಟೊ ಹೊಡೆಸಿಕೊಳ್ಳುತ್ತಾರೆ. ಅನಂತರ ಮೀನನ್ನು ಮತ್ತೆ ನೀರಿಗೆ ಬಿಟ್ಟುಬಿಡುತ್ತಾರೆ.

ಹಿಡಿದದ್ದನ್ನು ಬಿಡುವುದಕ್ಕಾಗಿ ಇಷ್ಟು ದೂರ, ಇಷ್ಟು ಖರ್ಚು ಮಾಡಿಕೊಂಡು ಬರಬೇಕೆ? ಮೀನುಸಾರಿನ ರುಚಿ ಬಲ್ಲವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಈ ವಿಚಿತ್ರ ಪದ್ಧತಿಯ ಹಿಂದೆ ಒಂದೂವರೆ ಶತಮಾನದ ಚರಿತ್ರೆಯಿದೆ. ಅದು ಲೇಕ್ ಟ್ರೌಟ್ ಎಂಬ ಮೀನಿನ ಚರಿತ್ರೆ; ಜೊತೆಗೆ ಕಾಲುವೆ, ರೈಲು, ವಿಮಾನಗಳು ದೂರವನ್ನು ನುಂಗುತ್ತ ಹೋದ ಚರಿತ್ರೆ.

ಬಡ್ಡಿ ಕಡಿಮೆಯ ಗಂಟು

ಲೇಕ್ ಟ್ರೌಟ್ ಎಂದು ಕರೆದರೂ ಇದು ಅಸಲಿ ಟ್ರೌಟ್ ಅಲ್ಲ. ಅದರ ದಾಯಾದಿಯಾದ ಚಾರ್ ಗುಂಪಿಗೆ ಸೇರಿದ್ದು. ಕಪ್ಪು ಛಾಯೆಯ ಮೈ, ಅದರ ತುಂಬ ಮಾಸಲು ಬಿಳಿ ಚುಕ್ಕೆ, ಆಳವಾಗಿ ಸೀಳಿದ ಬಾಲ. ಉತ್ತರ ಅಮೆರಿಕದ ಹೊರತು ಬೇರೆಲ್ಲೂ ಇದು ತಾನಾಗಿ ಹುಟ್ಟಿ ಬೆಳೆದದ್ದಲ್ಲ. 1792ರಲ್ಲಿ ಜರ್ಮನಿಯ ವಾಲ್‌ಬೌಮ್ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟಾಗ, ಆ ಹೆಸರಿನ ಉತ್ತರಾರ್ಧವಾದ ‘ನಮೇಕುಶ್’ ಎಂಬ ಪದವನ್ನು ಅಲ್ಲಿನ ಮೂಲನಿವಾಸಿಗಳ ಅಲ್ಗೊಂಕಿಯನ್ ಭಾಷೆಗಳಿಂದಲೇ ತೆಗೆದುಕೊಂಡ.

ಈ ಮೀನಿಗೆ ತಣ್ಣೀರೇ ಬೇಕು. ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಆಮ್ಲಜನಕ ತುಂಬಿದ ತಿಳಿನೀರು ಇದ್ದರೆ ಅದು ಸುಖಿ. ದಕ್ಷಿಣದ ಸರೋವರಗಳಲ್ಲಿ ಬೇಸಿಗೆಯಲ್ಲಿ ಮೇಲ್ಪದರ ಬೆಚ್ಚಗಾಗುತ್ತದೆ. ಆಗ ಲೇಕ್ ಟ್ರೌಟ್ ತಳದ ಕತ್ತಲೆಗೆ ಇಳಿದುಬಿಡುತ್ತದೆ. ಅಲ್ಲಿ ಅದನ್ನು ಹಿಡಿಯಬೇಕಾದರೆ ಭಾರ ಕಟ್ಟಿದ ದಾರವನ್ನು ಬಲು ಆಳಕ್ಕೆ ಬಿಡಬೇಕು. ಗ್ರೇಟ್ ಬೇರ್‌ನಲ್ಲಾದರೆ ನಟ್ಟನಡು ಬೇಸಿಗೆಯಲ್ಲೂ ಮೇಲಿನ ನೀರು ಕೊರೆಯುತ್ತಲೇ ಇರುತ್ತದೆ. ಹಾಗಾಗಿ ಮೀನು ಮೇಲೆಯೇ, ದಡದ ಬಂಡೆಗಳ ಬಳಿಯೇ ಓಡಾಡಿಕೊಂಡಿರುತ್ತದೆ. ಹೊಳೆಯುವ ಲೋಹದ ತಗಡನ್ನು ಗಾಳಕ್ಕೆ ಕಟ್ಟಿ ಎಸೆದರೂ ಬಂದು ಕಚ್ಚುತ್ತದೆ. ಗಾಳದವರಿಗೆ ಉತ್ತರದ ಬೇಸಿಗೆ ಸ್ವರ್ಗವಾಗಿ ಕಂಡದ್ದು ಈ ಕಾರಣಕ್ಕೆ.

ಆದರೆ ತಣ್ಣೀರಿಗೆ ಇನ್ನೊಂದು ಮುಖವಿದೆ. ಅಲ್ಲಿ ಆಹಾರ ಕಡಿಮೆ, ಬೆಳವಣಿಗೆ ನಿಧಾನ. ಉತ್ತರದ ಸರೋವರಗಳಲ್ಲಿ ಲೇಕ್ ಟ್ರೌಟ್ ಮೊಟ್ಟೆಯಿಡುವ ವಯಸ್ಸಿಗೆ ಬರುವುದೇ ಹತ್ತು ವರ್ಷ ಮೀರಿದ ಮೇಲೆ. ಆಮೇಲೂ ಪ್ರತಿವರ್ಷ ಮೊಟ್ಟೆಯಿಡುತ್ತದೆಂಬ ಖಾತ್ರಿಯಿಲ್ಲ. ಇಡುವಾಗ ಗೂಡು ಕಟ್ಟುವುದಿಲ್ಲ; ಶರತ್ಕಾಲದ ರಾತ್ರಿಗಳಲ್ಲಿ ಕಲ್ಲುಗಳ ಸಂದಿಗೆ ಮೊಟ್ಟೆ ಉದುರಿಸಿ ಹೋಗುತ್ತದೆ. ಬದುಕಿ ಉಳಿದದ್ದು ಮಾತ್ರ ದೀರ್ಘಾಯುಷಿ. ಐವತ್ತು ವರ್ಷ ದಾಟಿದ ಮೀನುಗಳೂ ಸಿಕ್ಕಿವೆ.

ಹೀಗಾಗಿ ಇಂಥ ಸರೋವರವನ್ನು ಹಳೆಯ ಕಾಲದ ಶ್ರೀಮಂತರ ಮನೆಯ ಗಂಟಿಗೆ ಹೋಲಿಸಬಹುದು. ಮೊದಲ ನೋಟಕ್ಕೆ ಗಂಟು ಬಲು ದೊಡ್ಡದು. ಎತ್ತ ನೋಡಿದರೂ ದೊಡ್ಡ ದೊಡ್ಡ ಮೀನು. ಆದರೆ ಅದು ಹುಟ್ಟಿಸುವ ಬಡ್ಡಿ ಅತ್ಯಲ್ಪ. ಬಡ್ಡಿಯೆಂದುಕೊಂಡು ಅಸಲನ್ನೇ ತಿನ್ನುತ್ತಿರುವುದು ತಿನ್ನುವವನ ಗಮನಕ್ಕೆ ಬಾರದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಲೇಕ್ ಟ್ರೌಟ್ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಸರೋವರದ ಹೃದಯ

ಗ್ರೇಟ್ ಬೇರ್ ದಡದ ಮೂಲನಿವಾಸಿಗಳಾದ ಸಾಹ್ತು ಡೆನೆ ಜನರಿಗೆ ಮೀನು ಹಿಡಿಯುವುದು ವಿನೋದವಾಗಿರಲಿಲ್ಲ. ವಿಲ್ಲೋ ಮರದ ತೊಗಟೆಯ ನಾರಿನಿಂದ ಬಲೆ ಹೆಣೆಯುತ್ತಿದ್ದ ಕಾಲದಿಂದಲೂ ಅದು ಅವರ ಅನ್ನ. ಕ್ಯಾರಿಬೂ ಜಿಂಕೆಗಳ ಹಿಂಡು ದಾರಿ ಬದಲಿಸಿದ ವರ್ಷ ಜೀವ ಉಳಿಸುತ್ತಿದ್ದದ್ದು ಮೀನು. ಹಿಮಗಾಡಿ ಎಳೆಯುವ ನಾಯಿಗಳ ಹೊಟ್ಟೆಗೂ ಮೀನೇ ಬೇಕು. ಬ್ರಿಟನ್ನಿನ ಅನ್ವೇಷಕ ಜಾನ್ ಫ್ರಾಂಕ್ಲಿನ್ 1825ರಿಂದ 1827ರವರೆಗೆ ಈ ದಡದಲ್ಲಿ ಕೋಟೆ ಕಟ್ಟಿಕೊಂಡು ಎರಡು ಚಳಿಗಾಲ ಕಳೆದಾಗ ಅವನ ತಂಡವನ್ನು ಸಾಕಿದ್ದೂ ಬಲೆಗೆ ಬಿದ್ದ ಮೀನು, ಸ್ಥಳೀಯ ಬೇಟೆಗಾರರು ತಂದುಕೊಟ್ಟ ಮಾಂಸ. ಅವನ ಹೆಸರಿನಲ್ಲೇ ಫೋರ್ಟ್ ಫ್ರಾಂಕ್ಲಿನ್ ಎನಿಸಿಕೊಂಡಿದ್ದ ಊರು 1993ರಲ್ಲಿ ಡೆಲಿನೆ ಎಂಬ ಸ್ವಂತ ಹೆಸರಿಗೆ ಮರಳಿತು.

ಡೆನೆ ಹಿರಿಯರು ಹೇಳುತ್ತ ಬಂದ ಒಂದು ಕತೆಯಿದೆ. ಒಬ್ಬ ಬೆಸ್ತ ಸರೋವರದಲ್ಲಿ ಗಾಳಗಳನ್ನು ಕಟ್ಟಿದ್ದ. ಒಂದು ಟ್ರೌಟ್ ದಾರ ಕಡಿದು ಗಾಳದೊಂದಿಗೆ ಪರಾರಿಯಾಯಿತು. ಗಾಳ ಅಪರೂಪವಾಗಿದ್ದ ಕಾಲ; ಅದನ್ನು ಕಳೆದುಕೊಂಡ ಚಿಂತೆಯಲ್ಲಿ ಆತ ರಾತ್ರಿ ಮೀನಿನ ರೂಪ ತಾಳಿ ನೀರಿಗಿಳಿದ. ಹುಡುಕುತ್ತ ಹೋದವನಿಗೆ ಸರೋವರದ ನಡುಭಾಗದಿಂದ ಢಂ ಢಂ ಎಂಬ ಸದ್ದು ಕೇಳಿಸಿತು. ಹತ್ತಿರ ಹೋದರೆ ತಳದಲ್ಲಿ ಒಂದು ಭಾರಿ ಹೃದಯ ಮಿಡಿಯುತ್ತಿದೆ. ಸುತ್ತಲೂ ಬಗೆಬಗೆಯ ಮೀನುಗಳು ಅದರತ್ತ ಮುಖಮಾಡಿ ಕಾವಲು ನಿಂತಿವೆ. ಆ ಹೃದಯವೇ ಸರೋವರಕ್ಕೂ ಸುತ್ತಲ ನೆಲಕ್ಕೂ ಜೀವ ಕೊಡುವುದೆಂದು ಕತೆ ಹೇಳುತ್ತದೆ. ಕಳೆದುಹೋದ ಒಂದು ಗಾಳದಿಂದ ಶುರುವಾಗುವ ಈ ಕತೆ, ಮುಂದೆ ಸರೋವರದ ಆಡಳಿತ ಪತ್ರಗಳಲ್ಲೂ ಸ್ಥಾನ ಪಡೆಯಿತು. ಆ ಹಂತಕ್ಕೆ ಬರುವ ಮೊದಲು ದಕ್ಷಿಣದಲ್ಲಿ ನಡೆದ ಅನಾಹುತವನ್ನು ನೋಡಬೇಕು.

ಕಾಲುವೆ ತಂದ ಕೇಡು

ಅಮೆರಿಕ ಮತ್ತು ಕೆನಡಾಗಳ ಗಡಿಯಲ್ಲಿರುವ ಐದು ಮಹಾ ಸರೋವರಗಳಲ್ಲಿ ಸುಪೀರಿಯರ್, ಮಿಷಿಗನ್, ಹ್ಯೂರನ್ ಒಂದು ಕಾಲಕ್ಕೆ ಲೇಕ್ ಟ್ರೌಟ್‌ನ ತವರು. ಸರೋವರಗಳ ಸುತ್ತ ಬೆಳೆದ ಪಟ್ಟಣಗಳಿಗೆ ಪೀಪಾಯಿಗಟ್ಟಲೆ ಉಪ್ಪುಮೀನು, ಆಮೇಲೆ ಮಂಜುಗಡ್ಡೆಯಲ್ಲಿಟ್ಟ ಹಸಿಮೀನು ಸಾಗುತ್ತಿತ್ತು. ಈ ಮೇಲಿನ ಸರೋವರಗಳಿಂದ ಎರಡೂ ದೇಶಗಳು ವರ್ಷಕ್ಕೆ ಹಿಡಿಯುತ್ತಿದ್ದ ಲೇಕ್ ಟ್ರೌಟ್ ಸುಮಾರು 1.5 ಕೋಟಿ ಪೌಂಡ್, ಅಂದರೆ 68 ಲಕ್ಷ ಕಿಲೋ.

ಇವುಗಳಿಗೆ ಒಂದು ಸಹಜ ಕೋಟೆಬಾಗಿಲಿತ್ತು: ನಯಾಗರ ಜಲಪಾತ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ಯಾವ ಜಲಚರವೂ ಆ ಧಬಧಬೆಯನ್ನು ಏರಿ ಒಳಬರುವಂತಿರಲಿಲ್ಲ. ಹಡಗುಗಳಿಗೂ ಅದೇ ಅಡ್ಡಿ. ಹಡಗುಗಳ ಅನುಕೂಲಕ್ಕಾಗಿ 1829ರಲ್ಲಿ ಜಲಪಾತವನ್ನು ಬಳಸಿ ಹೋಗುವ ವೆಲ್ಲಂಡ್ ಕಾಲುವೆ ತೆರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಮತ್ತೆ ಸುಧಾರಿಸಲಾಯಿತು. ಹಡಗಿಗೆ ತೆರೆದ ಬಾಗಿಲಲ್ಲಿ ಲ್ಯಾಂಪ್ರೆಯೂ ನುಸುಳಿತು.

ಲ್ಯಾಂಪ್ರೆ ಹಾವಿನಾಕಾರದ, ದವಡೆಯೇ ಇಲ್ಲದ ಜೀವಿ. ಬಟ್ಟಲಿನಂಥ ಬಾಯಿಯಿಂದ ಮೀನಿನ ಮೈಗೆ ಕಚ್ಚಿಕೊಂಡು, ಅರದಂಥ ನಾಲಿಗೆಯಿಂದ ಚರ್ಮ ಉಜ್ಜಿ ತೆಗೆದು ರಕ್ತ ಹೀರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವೂ ಅದರ ಬಾಯಲ್ಲಿದೆ. ಒಂದೊಂದು ಲ್ಯಾಂಪ್ರೆ ತನ್ನ ಆಯುಷ್ಯದಲ್ಲಿ ಹದಿನೆಂಟು ಕಿಲೋದಷ್ಟು ಮೀನನ್ನು ಕೊಲ್ಲಬಲ್ಲದು. 1921ರಲ್ಲಿ ಅದು ಈರಿ ಸರೋವರದಲ್ಲಿ ಕಾಣಿಸಿಕೊಂಡಿತು. 1936ರಲ್ಲಿ ಮಿಷಿಗನ್, 1937ರಲ್ಲಿ ಹ್ಯೂರನ್, 1938ರಲ್ಲಿ ಸುಪೀರಿಯರ್. ಅತಿಯಾದ ಬಲೆಗಾರಿಕೆಯಿಂದ ಮೊದಲೇ ಸೊರಗಿದ್ದ ಲೇಕ್ ಟ್ರೌಟ್ ಈ ಹೊಡೆತ ತಾಳಲಿಲ್ಲ. 1960ರ ದಶಕದ ಆರಂಭಕ್ಕೆ ವಾರ್ಷಿಕ ಹಿಡಿತ 3 ಲಕ್ಷ ಪೌಂಡಿಗೆ, ಅಂದರೆ ಐವತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಬೆಸ್ತರ ಹಲವು ಪಟ್ಟಣಗಳು ಕಸುಬನ್ನೇ ಕಳೆದುಕೊಂಡವು.

ಎರಡು ದೇಶಗಳೂ 1954ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿ ಜಂಟಿ ಮೀನುಗಾರಿಕಾ ಆಯೋಗ ರಚಿಸಿಕೊಂಡವು. ಸುಮಾರು 6,000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಲ್ಯಾಂಪ್ರೆಯ ಮರಿಗಳನ್ನು ಕೊಂದು ಉಳಿದ ಮೀನುಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುವ ಒಂದು ವಸ್ತುವನ್ನು ವಿಜ್ಞಾನಿಗಳು ಕಂಡುಹಿಡಿದರು. 1958ರಿಂದ ಅದನ್ನು ಲ್ಯಾಂಪ್ರೆ ಮರಿಮಾಡುವ ತೊರೆಗಳಿಗೆ ಬಿಡಲಾಯಿತು. ಜೊತೆಗೆ ಟ್ರೌಟ್ ಮರಿಗಳನ್ನು ಸಾಕಿ ಬಿಟ್ಟರು, ಬಲೆಗೆ ಮಿತಿ ಹೇರಿದರು. ಸುಪೀರಿಯರ್ ಸರೋವರದ ಬಹುಭಾಗದಲ್ಲಿ ಲೇಕ್ ಟ್ರೌಟ್ ಸಂಪೂರ್ಣ ಚೇತರಿಸಿಕೊಂಡಿದೆ ಎಂದು ಆಯೋಗ ಘೋಷಿಸಿದ್ದು 2024ರ ನವೆಂಬರಿನಲ್ಲಿ. ಎರಡು ಮೂರು ದಶಕಗಳಲ್ಲಿ ಕರಗಿದ ಗಂಟನ್ನು ಮತ್ತೆ ಕೂಡಿಹಾಕಲು ಅರುವತ್ತಾರು ವರ್ಷ ಹಿಡಿಯಿತು.

ಅಂತರ ಅಳಿದಾಗ ಇದೇ ಮೀನು ಬೇರೊಂದು ಕಡೆ ಕೇಡಿಗನ ಪಾತ್ರವನ್ನೂ ವಹಿಸಿದೆ. 1890ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಎರಡು ಸರೋವರಗಳಿಗೆ ಗಾಳದವರ ಖುಷಿಗೆಂದು ಲೇಕ್ ಟ್ರೌಟ್ ತಂದು ಬಿಟ್ಟರು. 1994ರಲ್ಲಿ ಅದು ಅಲ್ಲಿನ ಮುಖ್ಯ ಸರೋವರದಲ್ಲೂ ಪತ್ತೆಯಾಯಿತು. ಅಲ್ಲಿನ ಮೂಲ ಮೀನಾದ ಕಟ್‌ಥ್ರೋಟ್ ಟ್ರೌಟ್ ಮೊಟ್ಟೆಯಿಡಲು ಸಣ್ಣ ತೊರೆಗಳಿಗೆ ಏರಿ ಬರುತ್ತಿತ್ತು. ಕರಡಿಗಳಿಗೂ ಹದ್ದುಗಳಿಗೂ ಅದೇ ಊಟ. ಆಳದಲ್ಲೇ ಇರುವ ಲೇಕ್ ಟ್ರೌಟ್ ಆ ಮೀನನ್ನು ತಿಂದು ಮುಗಿಸತೊಡಗಿತು, ತಾನು ಮಾತ್ರ ಕರಡಿಯ ಕೈಗೆ ಸಿಗಲಿಲ್ಲ. ಅಂದಿನಿಂದ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್‌ಗಳನ್ನು ಬಲೆ ಹಾಕಿ ತೆಗೆಯಲಾಗಿದೆ. ಗ್ರೇಟ್ ಬೇರ್‌ನಲ್ಲಿ ಹಿಡಿದು ಬಿಡುವುದು ಶಿಷ್ಟಾಚಾರವಾದರೆ, ಯೆಲ್ಲೊಸ್ಟೋನ್ ಸರೋವರದಲ್ಲಿ ಹಿಡಿದದ್ದನ್ನು ಕೊಲ್ಲುವುದೇ ಕಾನೂನು.

ರೈಲು, ವಿಮಾನ, ಲಾಡ್ಜ್

ಲಾಡ್ಜ್ ಎಂದರೆ ಕನ್ನಡಿಗರಿಗೆ ಬಸ್ ನಿಲ್ದಾಣದ ಎದುರಿನ ವಸತಿಗೃಹ ನೆನಪಾಗುತ್ತದೆ. ಉತ್ತರ ಅಮೆರಿಕದಲ್ಲಿ ಆ ಪದಕ್ಕೆ ಕಾಡಿನ ಅಥವಾ ನೀರಿನ ಅಂಚಿನ ಬೇಟೆಮನೆ ಎಂಬ ಅರ್ಥವೂ ಉಂಟು. ಅದು ಜನಪ್ರಿಯವಾದದ್ದು ರೈಲಿನ ಕಾಲದಲ್ಲಿ. 1869ರಲ್ಲಿ ಬಾಸ್ಟನ್ನಿನ ಪಾದ್ರಿ ವಿಲಿಯಂ ಮರ್‍ರೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳ ಬೇಟೆ, ಗಾಳಗಳ ಅನುಭವ ಕುರಿತು ಪುಸ್ತಕ ಬರೆದ. ಅದನ್ನು ಓದಿದ ನಗರದ ಜನ ಆ ಬೇಸಿಗೆಯಲ್ಲೇ ಹಿಂಡುಹಿಂಡಾಗಿ ಬೆಟ್ಟಕ್ಕೆ ನುಗ್ಗಿದರು. ಕಾರ್ಖಾನೆಯ ಹೊಗೆ, ಗಡಿಯಾರದ ಶಿಸ್ತುಗಳಿಂದ ಬೇಸತ್ತ ವರ್ಗವೊಂದು ಹುಟ್ಟಿಕೊಂಡಿತ್ತು. ಅದಕ್ಕೆ ಕಾಡು ಬೇಕಿತ್ತು. ಕಾಡಿನಲ್ಲಿ ದಾರಿ ತೋರಿಸಲು ಸ್ಥಳೀಯ ಮಾರ್ಗದರ್ಶಿ ಬೇಕಿತ್ತು. ರಾತ್ರಿ ಮಲಗಲು ಒಳ್ಳೆಯ ಹಾಸಿಗೆಯೂ ಬೇಕಿತ್ತು.

ರೈಲು ತಲುಪಿದ ಸರೋವರ ಬೇಗನೆ ಜನಜಂಗುಳಿಯಾಗುತ್ತಿತ್ತು. ದೊಡ್ಡ ಮೀನು ಮೊದಲು ಮಾಯವಾಗುತ್ತಿತ್ತು. ಆಗ ಹೊಸ ಹಳಿ, ಹೊಸ ಸರೋವರ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಟೆಮಾಗಮಿಯಂಥ ಸರೋವರಗಳಿಗೂ ರೈಲು ಮುಟ್ಟಿತು. ‘ಯಾರೂ ಮುಟ್ಟದ ನೀರು’ ಎಂಬ ಗಡಿ ಹೀಗೆ ಉತ್ತರಕ್ಕೆ ಸರಿಯುತ್ತಲೇ ಹೋಯಿತು.

ರೈಲು ಹೋಗಲಾರದ ಕಡೆಗೆ ವಿಮಾನ ಹೋಯಿತು. ಚಕ್ರದ ಬದಲು ತೇಲುಗಾಲು ಕಟ್ಟಿಕೊಂಡ ಸಣ್ಣ ವಿಮಾನಕ್ಕೆ ಉತ್ತರ ಕೆನಡಾದ ಲೆಕ್ಕವಿಲ್ಲದಷ್ಟು ಸರೋವರಗಳೇ ನಿಲ್ದಾಣ. ಗ್ರೇಟ್ ಬೇರ್‌ಗೆ ಅದನ್ನು ಮೊದಲು ಕರೆತಂದವರಲ್ಲಿ ಖನಿಜ ಹುಡುಕುವವರು ಮುಖ್ಯರು. 1930ರಲ್ಲಿ ಗಿಲ್ಬರ್ಟ್ ಲಬೀನ್ ಪೂರ್ವ ದಡದಲ್ಲಿ ರೇಡಿಯಂ, ಯುರೇನಿಯಂ ಇರುವ ಅದಿರು ಕಂಡುಹಿಡಿದ. ಅಲ್ಲಿನ ಗಣಿಯ ಯುರೇನಿಯಂ ಅಮೆರಿಕದ ಅಣುಬಾಂಬ್ ಯೋಜನೆಗೆ ಹೋಯಿತು. ಅದಿರಿನ ಚೀಲ ಹೊತ್ತವರಲ್ಲಿ ಡೆನೆ ಜನರೂ ಇದ್ದರು. ತಮ್ಮ ನೆಲದಿಂದ ಹೋದದ್ದು ಏನು ಮಾಡಿತೆಂದು ತಿಳಿದ ಮೇಲೆ, 1998ರಲ್ಲಿ ಡೆಲಿನೆಯ ನಿಯೋಗವೊಂದು ಹಿರೋಶಿಮಾಕ್ಕೆ ಹೋಗಿ ಕ್ಷಮೆ ಕೇಳಿ ಬಂತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಮಾನಗಳೂ ಹೆಚ್ಚಿದವು, ಅವನ್ನು ಹಾರಿಸಬಲ್ಲವರೂ ಹೆಚ್ಚಿದರು. 1947ರಲ್ಲಿ ಮೊದಲ ಬಾರಿ ಹಾರಿದ ‘ಬೀವರ್’ ವಿಮಾನ ಆರೇಳು ಜನರನ್ನು ಸಾಮಾನು ಸಮೇತ ಹೊತ್ತು ಪುಟ್ಟ ಸರೋವರದ ಮೇಲೂ ಇಳಿಯಬಲ್ಲದಾಗಿತ್ತು. ಮೊದಲು ಗ್ರೇಟ್ ಸ್ಲೇವ್, ಅನಂತರ ಗ್ರೇಟ್ ಬೇರ್ ಸರೋವರದ ದಡದಲ್ಲಿ ಬೇಸಿಗೆ ಲಾಡ್ಜ್‌ಗಳು ಎದ್ದವು. ಹಲಗೆ, ಮೊಳೆ, ಎಂಜಿನ್, ಇಂಧನ, ಸಕ್ಕರೆ, ಮೊಟ್ಟೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಹೀಗಾಗಿ ವಾರದ ವಾಸ್ತವ್ಯ ಸಿರಿವಂತರಿಗೆ ಮಾತ್ರ ಎಟುಕುವಂತಾಯಿತು. ಮಧ್ಯಾಹ್ನ ದೋಣಿಯನ್ನು ದಡಕ್ಕೆ ಹಚ್ಚಿ, ಆಗತಾನೇ ಹಿಡಿದ ಸಣ್ಣ ಟ್ರೌಟನ್ನು ಕಟ್ಟಿಗೆ ಒಲೆಯ ಮೇಲೆ ಕರಿದು ಆಲೂಗಡ್ಡೆಯೊಂದಿಗೆ ತಿನ್ನುವುದು ಈ ಲಾಡ್ಜ್‌ಗಳ ಸಂಪ್ರದಾಯವಾಯಿತು.

ಕಾವಲಿಗೆ ನಿಯಮ

ಅಲ್ಲಿಯವರೆಗೆ ಗ್ರೇಟ್ ಬೇರ್‌ನ ಮೀನುಗಳನ್ನು ಕಾಪಾಡಿದ್ದು ಕಾನೂನಲ್ಲ, ದೂರ. ಅದು ಹೋದ ಮೇಲೆ ಅಪಾಯ ಎಷ್ಟೆಂಬುದು ಪಕ್ಕದ ಸರೋವರದಲ್ಲೇ ಕಂಡಿತ್ತು. ಗ್ರೇಟ್ ಸ್ಲೇವ್‌ನಲ್ಲಿ 1945ರಲ್ಲಿ ವಾಣಿಜ್ಯ ಮೀನುಗಾರಿಕೆ ಶುರುವಾಯಿತು. ಪಶ್ಚಿಮ ಭಾಗದಲ್ಲಿ ಲೇಕ್ ಟ್ರೌಟ್ ಬೇಗನೆ ಕುಗ್ಗಿತು. ಕೊನೆಗೆ ಸರೋವರದ ಪೂರ್ವ ಬಾಹುವನ್ನು ವಾಣಿಜ್ಯ ಬಲೆಗಳಿಂದ ಮುಕ್ತಗೊಳಿಸಬೇಕಾಯಿತು. ಗ್ರೇಟ್ ಬೇರ್ ಬಗ್ಗೆ ಮಿಲ್ಲರ್ ಮತ್ತು ಕೆನಡಿ ಎಂಬ ವಿಜ್ಞಾನಿಗಳು 1948ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿನ ಲೇಕ್ ಟ್ರೌಟ್ ಎಷ್ಟು ನಿಧಾನವಾಗಿ ಬೆಳೆಯುತ್ತದೆಂಬುದನ್ನು ತೋರಿಸಿತ್ತು. ಅಲ್ಲಿ ದೊಡ್ಡ ಪ್ರಮಾಣದ ವಾಣಿಜ್ಯ ಮೀನುಗಾರಿಕೆ ಬೇರೂರಲಿಲ್ಲ.

ಆದರೆ ಗಾಳವೂ ನಿರಪಾಯಕಾರಿಯಲ್ಲ. ಬಲೆಗೆ ಎಲ್ಲ ಮೀನೂ ಒಂದೇ. ಲಾಡ್ಜಿಗೆ ಬರುವವರಿಗೆ ಬೇಕಾದದ್ದು ಎಲ್ಲಕ್ಕಿಂತ ದೊಡ್ಡದು. ಮೊದಲ ವರ್ಷಗಳಲ್ಲಿ ಅದನ್ನು ಕೊಂದು, ಒಳಗೆ ಹೊಟ್ಟು ತುಂಬಿಸಿ ಗೋಡೆಗೆ ತೂಗುಹಾಕಲು ಕೊಂಡೊಯ್ಯುತ್ತಿದ್ದರು. ದೊಡ್ಡದೆಂದರೆ ಹಳೆಯದು, ಹಳೆಯದೆಂದರೆ ಹೆಚ್ಚು ಮೊಟ್ಟೆಯಿಡುವ ತಾಯಿಮೀನು. ಎಷ್ಟು ಹಳೆಯದು ಎಂಬುದು ಕೂಡ ಮೊದಲು ಸರಿಯಾಗಿ ತಿಳಿದಿರಲಿಲ್ಲ. ಮರದ ಕಾಂಡದ ಉಂಗುರ ಎಣಿಸುವಂತೆ ಮೀನಿನ ಹುರುಪೆಯ ಗೆರೆಗಳನ್ನು ಎಣಿಸಿ ವಯಸ್ಸು ಹೇಳುವ ರೂಢಿಯಿತ್ತು. ನಿಧಾನ ಬೆಳೆಯುವ ಮುದಿ ಮೀನಿನಲ್ಲಿ ಈ ಗೆರೆಗಳು ಒತ್ತಾಗಿ ಕೂಡಿಕೊಂಡು ಲೆಕ್ಕ ತಪ್ಪುತ್ತದೆ. ಒಳಕಿವಿಯ ಪುಟ್ಟ ಕಲ್ಲನ್ನು ಸೀಳಿ ನೋಡತೊಡಗಿದ ಮೇಲೆ, ಮೀನುಗಳು ತಿಳಿದಿದ್ದಕ್ಕಿಂತ ಎಷ್ಟೋ ಹಳೆಯವೆಂದು ಗೊತ್ತಾಯಿತು. ಅಂದರೆ ಬಡ್ಡಿಯ ದರ ಎಣಿಸಿದ್ದಕ್ಕಿಂತಲೂ ಕಡಿಮೆ.

ನಿಯಮಗಳು ಬಿಗಿಯಾದವು. ಕೊಂಡೊಯ್ಯಬಹುದಾದ ಮೀನಿನ ಸಂಖ್ಯೆ ಇಳಿಯಿತು. ಗಾಳದ ಹಿಮ್ಮುಳ್ಳನ್ನು ಚಪ್ಪಟೆ ಮಾಡಿ ಬಳಸುವುದು ಕಡ್ಡಾಯವಾಯಿತು. ಹಾಗೆ ಮಾಡಿದರೆ ಕೊಕ್ಕೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಬಾಯಿ ಹರಿಯದು. ಗೋಡೆಯ ಆಸೆಯಿದ್ದವರಿಗೆ ಫೋಟೊ ಮತ್ತು ಅಳತೆಯ ಆಧಾರದ ಮೇಲೆ ಫೈಬರ್ ಗ್ಲಾಸಿನ ಪ್ರತಿಕೃತಿ ಸಿಗುವಂತಾಯಿತು. ಗಾಳದಲ್ಲಿ ಹಿಡಿದ ಲೇಕ್ ಟ್ರೌಟ್‌ನ ವಿಶ್ವದಾಖಲೆ ಬಂದದ್ದು ಈ ಸರೋವರದಿಂದಲೇ: 1995ರ ಆಗಸ್ಟಿನಲ್ಲಿ ಸಿಕ್ಕ 72 ಪೌಂಡಿನ, ಅಂದರೆ ಸುಮಾರು 32 ಕಿಲೋ ಮೀರಿದ ಮೀನು. ಲಾಡ್ಜ್‌ಗಳು ಬಂದು ಮೂರೂವರೆ ದಶಕ ಕಳೆದ ಮೇಲೂ ಅಷ್ಟು ದೊಡ್ಡದು ಅಲ್ಲಿ ಉಳಿದಿತ್ತು.

ಹಾಗೆಂದು ಹಿಡಿದು ಬಿಡುವ ಪದ್ಧತಿ ನಿಷ್ಕಳಂಕವೇನಲ್ಲ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಗಾಳ ಕಿವಿರಿಗೆ ತಾಗಿದರೆ, ಗಾಳಿಯಲ್ಲಿ ಬಹಳ ಹೊತ್ತು ಹಿಡಿದಿದ್ದರೆ, ನೀರು ಬೆಚ್ಚಗಿದ್ದರೆ ಸಾವು ಹೆಚ್ಚು. ಇದಕ್ಕಿಂತ ಮೂಲಭೂತವಾದ ಆಕ್ಷೇಪ ಉತ್ತರದ ಮೂಲನಿವಾಸಿ ಹಿರಿಯರದು. ಮೀನು ತನ್ನನ್ನು ಕೊಟ್ಟುಕೊಳ್ಳುವುದು ಮನುಷ್ಯನ ಹಸಿವಿಗೆ. ಹಸಿವಿಲ್ಲದೆ ಹಿಡಿದು ಬಿಡುವುದು ಅದರೊಡನೆ ಆಟವಾಡಿದಂತೆ, ಅವಮರ್ಯಾದೆ ಎಂಬುದು ಅವರಲ್ಲಿ ಅನೇಕರ ನಂಬಿಕೆ. ಗಾಳದವನ ಕಣ್ಣಿಗೆ ದಯೆಯಾಗಿ ಕಂಡದ್ದು ಬೆಸ್ತನ ಕಣ್ಣಿಗೆ ಹಿಂಸೆಯಾಗಿ ಕಂಡಿತು. ಇಬ್ಬರೂ ಬಯಸಿದ್ದು ಮೀನು ಉಳಿಯಲೆಂದೇ.

ಈ ವಾದದಲ್ಲಿ ಕೊನೆಯ ಮಾತು ಯಾರದು ಎಂಬುದು ನಿಧಾನವಾಗಿ ಇತ್ಯರ್ಥವಾಗುತ್ತ ಬಂದಿದೆ. 1993ರಲ್ಲಿ ಸಾಹ್ತು ಡೆನೆ ಮತ್ತು ಮೆಟಿ ಜನ ಕೆನಡಾ ಸರ್ಕಾರದೊಂದಿಗೆ ಭೂಹಕ್ಕಿನ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಫಲವಾಗಿ ಪ್ರಾಣಿ, ಮೀನುಗಳ ನಿರ್ವಹಣೆಯಲ್ಲಿ ಅವರಿಗೆ ಪಾಲು ದೊರೆಯಿತು. 2005ರ ಸರೋವರ ನಿರ್ವಹಣಾ ಯೋಜನೆಗೆ ಇಟ್ಟ ಹೆಸರೇ ‘ಜಲಹೃದಯ’ ಎಂಬರ್ಥದ್ದು. ಬೆಸ್ತನ ಕತೆ ಅದರೊಳಗೆ ಸೇರಿತು. 2016ರಲ್ಲಿ ಯುನೆಸ್ಕೊ ಈ ಸರೋವರ ಮತ್ತು ಸುತ್ತಲ ಪ್ರದೇಶವನ್ನು ಜೀವಗೋಲ ಮೀಸಲು ಪ್ರದೇಶವೆಂದು ಮಾನ್ಯ ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಡೆಲಿನೆಯಲ್ಲಿ ಊರಿನವರದೇ ಸ್ವಯಮಾಡಳಿತ ಜಾರಿಗೆ ಬಂತು.

ಗ್ರೇಟ್ ಬೇರ್ ಅನ್ನು ಇಂದು ತಲುಪುವುದು ಫ್ರಾಂಕ್ಲಿನ್ನನ ಕಾಲದಷ್ಟು ಕಷ್ಟವಲ್ಲ. ಮುಂದಿನ ಅಪಾಯ ಬರುವುದಕ್ಕಂತೂ ವಿಮಾನವೂ ಬೇಕಿಲ್ಲ. ಭೂಮಿ ಬಿಸಿಯಾಗುತ್ತಿರುವುದರಲ್ಲಿ ಆರ್ಕ್ಟಿಕ್ ಪ್ರದೇಶವೇ ಮುಂದಿದೆ. ತಣ್ಣೀರನ್ನೇ ನಂಬಿದ ಮೀನಿಗೆ ಅದನ್ನು ಬಿಟ್ಟು ಇನ್ನೂ ಉತ್ತರಕ್ಕೆ ಓಡಲು ದಾರಿಯಿಲ್ಲ. ದೋಣಿಯ ಬದಿಯಲ್ಲಿ ಮೀನಿನ ಬಾಲ ಹಿಡಿದು, ಅದು ಉಸಿರು ಹಿಡಿದುಕೊಳ್ಳುವವರೆಗೆ ಕಾದು, ಕೈಬಿಡುವ ಪ್ರವಾಸಿ ತನಗಿಂತ ಹಿರಿಯ ಜೀವವೊಂದನ್ನು ಬಿಡುತ್ತಿರಲೂಬಹುದು. ಫೋರ್ಟ್ ಫ್ರಾಂಕ್ಲಿನ್ ಇನ್ನೂ ಡೆಲಿನೆ ಆಗಿರದ ಕಾಲದಲ್ಲಿ ಕಲ್ಲುಸಂದಿಯಲ್ಲಿ ಒಡೆದ ಮೊಟ್ಟೆ ಅದು. ಕತೆಯ ಬೆಸ್ತ ಗಾಳ ಹುಡುಕಲು ಹೋಗಿ ಕಂಡದ್ದು ಕಾವಲು ನಿಂತ ಮೀನುಗಳನ್ನು. ಈಗ ಮೀನುಗಳಿಗೇ ಕಾವಲು ಬೇಕಾಗಿದೆ. ಆ ಕೆಲಸವನ್ನು ಮೊದಲಿನಂತೆ ದೂರಕ್ಕೆ ಒಪ್ಪಿಸಿ ಕೂರುವಂತಿಲ್ಲ.